ಓದುಗನಿಗೆ ಗೊತ್ತು, ತಾಯಿಗೆ ಗೊತ್ತಿಲ್ಲ: ಮೇರಿ ಹಿಗ್ಗಿನ್ಸ್ ಕ್ಲಾರ್ಕ್ ಕಾದಂಬರಿಕಾರ್ತಿಯಾದ ಬಗೆ

ಅಮೆರಿಕದ ಸಸ್ಪೆನ್ಸ್ ಕಾದಂಬರಿಕಾರ್ತಿ ಮೇರಿ ಹಿಗ್ಗಿನ್ಸ್ ಕ್ಲಾರ್ಕ್ ಅವರ ಮೊದಲ ಕತೆ ಅಚ್ಚಿಗೆ ಆಯ್ಕೆಯಾದದ್ದು ಆರು ವರ್ಷಗಳಲ್ಲಿ ನಲವತ್ತು ಸಲ ವಾಪಸು ಬಂದ ಮೇಲೆ, 1956ರಲ್ಲಿ. ಮೊದಲ ಪುಸ್ತಕ ಹೊರಬಂದದ್ದು ಅರವತ್ತರ ದಶಕದ ಕೊನೆಗೆ, ಮತ್ತು ಅದನ್ನು ಕೊಂಡವರು ತೀರ ಕಡಿಮೆ. ಹೆಸರು ತಂದುಕೊಟ್ಟ ಕಾದಂಬರಿ ಪ್ರಕಟವಾದ 1975ರಲ್ಲಿ ಅವರಿಗೆ ನಲವತ್ತೇಳು ವರ್ಷ. ಅಲ್ಲಿಂದ ಮುಂದೆ, 2020ರ ಜನವರಿ 31ರಂದು ತೊಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ, ಅವರು ಐವತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದರು. ಅಮೆರಿಕವೊಂದರಲ್ಲೇ ಅವುಗಳ ಹತ್ತು ಕೋಟಿಯಷ್ಟು ಪ್ರತಿಗಳು ಮಾರಾಟವಾದವು.

ಈ ಬದುಕನ್ನು ಹೇಳುವವರೆಲ್ಲ ಸಾಮಾನ್ಯವಾಗಿ ಅದನ್ನು ಛಲದ ಕತೆಯಾಗಿ ಹೇಳುತ್ತಾರೆ: ಚಿಕ್ಕ ವಯಸ್ಸಿನಲ್ಲಿ ವಿಧವೆಯಾದ, ಐದು ಮಕ್ಕಳ ತಾಯಿಯೊಬ್ಬಳು ಸೋಲದೆ ಬರೆದು ಗೆದ್ದಳು ಎಂಬ ಕತೆ. ಅದು ಸುಳ್ಳಲ್ಲ. ಆದರೆ ಛಲವಿದ್ದೂ ಬರವಣಿಗೆ ಬೆಳೆಯದೆ ಉಳಿದವರು ನಮ್ಮ ಸುತ್ತಲೂ ಎಷ್ಟೋ ಜನರಿದ್ದಾರೆ. ಆದ್ದರಿಂದ ಛಲ ಈ ಪ್ರಕರಣದ ಅರ್ಧವನ್ನು ಮಾತ್ರ ವಿವರಿಸುತ್ತದೆ. ಮೊದಲ ಕತೆಗೂ 1975ರ ಕಾದಂಬರಿಗೂ ನಡುವಿನ ಕಾಲು ಶತಮಾನದಲ್ಲಿ ಈ ಲೇಖಕಿ ಏನನ್ನು ಕಲಿತರು, ಯಾವ ಕ್ರಮದಲ್ಲಿ ಕಲಿತರು, ಆ ಕಲಿಕೆ ಪುಟದ ಮೇಲೆ ಹೇಗೆ ಕಾಣಿಸಿತು ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ಕೇಳಿಸಿಕೊಳ್ಳುವ ಹುಡುಗಿ

ಮೇರಿ ಹುಟ್ಟಿದ್ದು 1927ರ ಡಿಸೆಂಬರ್ 24ರಂದು, ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ. ಐರ್ಲೆಂಡಿನಿಂದ ವಲಸೆ ಬಂದಿದ್ದ ತಂದೆ ಒಂದು ಪಬ್ ನಡೆಸುತ್ತಿದ್ದರು. 1939ರಲ್ಲಿ, ಮೇರಿಗೆ ಹನ್ನೊಂದು ವರ್ಷವಿದ್ದಾಗ, ಅವರು ನಿದ್ದೆಯಲ್ಲೇ ತೀರಿಕೊಂಡರು. ಬಹಳ ವರ್ಷ ಹೊರಗೆ ದುಡಿಯದಿದ್ದ ತಾಯಿಗೆ ಕೆಲಸ ಸಿಗಲಿಲ್ಲ. ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಸಂಸಾರ ನಡೆಸಬೇಕಾಯಿತು, ಅದಕ್ಕಾಗಿ ಮಗಳು ತನ್ನ ಕೋಣೆಯನ್ನೇ ಬಿಟ್ಟುಕೊಟ್ಟಳು. ಬಾಡಿಗೆಗೆ ಬಂದವರಿಗೆ ಅಡುಗೆಮನೆಯನ್ನು ಬಳಸುವ ಅವಕಾಶವೂ ಉಂಟು ಎಂಬ ಆ ಕಾಲದ ಫಲಕದ ಮಾತನ್ನೇ ಕ್ಲಾರ್ಕ್ ಅವರು 2002ರಲ್ಲಿ ತಮ್ಮ ಆತ್ಮಕಥೆಗೆ ಶೀರ್ಷಿಕೆಯಾಗಿ ಇಟ್ಟರು.

ಶಾಲೆಯಲ್ಲಿದ್ದಾಗಲೇ ಆಕೆ ಶೆಲ್ಟನ್ ಹೋಟೆಲಿನಲ್ಲಿ ಟೆಲಿಫೋನ್ ಆಪರೇಟರ್ ಆಗಿ ದುಡಿದರು. ಸ್ವಿಚ್‌ಬೋರ್ಡಿನ ಮುಂದೆ ಕೂತ ಹುಡುಗಿ ಹೋಟೆಲಿನ ನಿವಾಸಿಗಳ ಮಾತುಗಳನ್ನು ಕದ್ದು ಕೇಳುತ್ತಿದ್ದದ್ದನ್ನು ಮುಂದೆ ತಾವೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಈ ವಿವರವನ್ನು ತಮಾಷೆಯ ಪ್ರಸಂಗವೆಂದು ದಾಟಿ ಹೋಗಬಾರದು. ತನಗೆ ಸಂಬಂಧವಿಲ್ಲದ ಮಾತೊಂದು ಅರ್ಧದಲ್ಲಿ ಕಿವಿಗೆ ಬೀಳುವುದು, ಅದರ ಹಿಂದುಮುಂದನ್ನು ತಾನೇ ಕಟ್ಟಿಕೊಳ್ಳುವುದು, ಮಾತನಾಡುವವರಿಗೆ ಗೊತ್ತಿಲ್ಲದ ಏನನ್ನೋ ತಾನು ತಿಳಿದಿರುವುದು: ಮುಂದೆ ಆಕೆ ತಮ್ಮ ಓದುಗರನ್ನು ಕೂರಿಸಿದ್ದು ಇಂಥದೇ ಜಾಗದಲ್ಲಿ.

ಆಮೇಲೆ ಸೆಕ್ರೆಟರಿ ತರಬೇತಿ, ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಜಾಹೀರಾತು ವಿಭಾಗದಲ್ಲಿ ಕೆಲಸ. ಗಗನಸಖಿಯೊಬ್ಬರು ಮಾತಿನ ಮಧ್ಯೆ ಕಲ್ಕತ್ತಾದ ಸೆಕೆಯ ಬಗ್ಗೆ ಸುಮ್ಮನೆ ಆಡಿದ ಒಂದು ಮಾತು ಕಿವಿಗೆ ಬಿದ್ದದ್ದೇ ನೆಪವಾಗಿ, ಆಕೆ ಕಂಪನಿಯ ಕೆಲಸ ಬಿಟ್ಟು 1949ರಲ್ಲಿ ಪ್ಯಾನ್ ಅಮೆರಿಕನ್ ವಿಮಾನ ಸಂಸ್ಥೆಗೆ ಸೇರಿದರು. ಇಲ್ಲೂ ಕಿವಿಗೆ ಬಿದ್ದ ಒಂದು ವಾಕ್ಯವೇ ಬದುಕಿನ ದಿಕ್ಕನ್ನು ತಿರುಗಿಸಿತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಯುರೋಪ್, ಆಫ್ರಿಕಾ, ಏಷ್ಯಾಗಳಿಗೆ ಒಂದು ವರ್ಷ ಹಾರಾಡಿ, 1949ರ ಕೊನೆಯ ವಾರದಲ್ಲಿ ನೆರೆಹೊರೆಯವರೇ ಆಗಿದ್ದ ವಾರೆನ್ ಕ್ಲಾರ್ಕ್ ಅವರನ್ನು ಮದುವೆಯಾದರು.

ಇಪ್ಪತ್ತು ನಿಮಿಷ ಓದು, ಮೂರು ನಿಮಿಷ ಮಾತು

ಮದುವೆಯಾದ ಮೇಲೆ ಕ್ಲಾರ್ಕ್ ಅವರು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಬರವಣಿಗೆಯ ತರಗತಿಗೆ ಸೇರಿದರು. ಅಲ್ಲಿನ ಅಧ್ಯಾಪಕರು ಹೇಳಿಕೊಟ್ಟ ಕ್ರಮ ಸರಳವಾದದ್ದು: ನಿಜವಾಗಿ ನಡೆದದ್ದೊಂದನ್ನು, ಉದಾಹರಣೆಗೆ ದಿನಪತ್ರಿಕೆಯ ಒಂದು ಸುದ್ದಿಯನ್ನು, ಎದುರಿಗಿಟ್ಟುಕೊಂಡು ‘ಹೀಗಿದೆ ಎಂದುಕೊಳ್ಳೋಣ’ ಎಂದು ಆರಂಭಿಸಿ, ‘ಹಾಗೇನಾದರೂ ಆದರೆ?’ ಎಂದು ಕೇಳುತ್ತ ಹೋಗಬೇಕು. ಕ್ಲಾರ್ಕ್ ಅವರು ಈ ಎರಡಕ್ಕೆ ‘ಏಕೆ?’ ಎಂಬ ಮೂರನೆಯ ಪ್ರಶ್ನೆಯನ್ನು ತಾವಾಗಿ ಸೇರಿಸಿಕೊಂಡರು. ಮೊದಲೆರಡು ಪ್ರಶ್ನೆಗಳಿಂದ ಘಟನೆ ಹುಟ್ಟುತ್ತದೆ. ಮೂರನೆಯದರಿಂದ ಮನುಷ್ಯ ಹುಟ್ಟುತ್ತಾನೆ. ಆ ಸಣ್ಣ ಸೇರ್ಪಡೆಯಲ್ಲೇ ಆಕೆಯ ಬೆಳವಣಿಗೆಯ ಮೊದಲ ಗುರುತು ನನಗೆ ಕಾಣುತ್ತದೆ.

ತರಗತಿಯ ಮೊದಲ ಅಭ್ಯಾಸಕ್ಕೆ ಆಕೆ ತಮ್ಮ ಅನುಭವವನ್ನೇ ಎತ್ತಿಕೊಂಡರು. ವಿಮಾನದ ಕೆಲಸದಲ್ಲಿದ್ದಾಗ ಕಮ್ಯುನಿಸ್ಟ್ ಆಡಳಿತದ ಚೆಕೊಸ್ಲೊವಾಕಿಯಾಕ್ಕೆ ಹೋಗಿ ಬಂದಿದ್ದರು. ಆ ವಿಮಾನದಲ್ಲಿ ಒಬ್ಬ ತಪ್ಪಿಸಿಕೊಂಡು ಬಂದು ಅಡಗಿ ಕುಳಿತಿದ್ದರೆ, ಗಗನಸಖಿಯ ಕಣ್ಣಿಗೆ ಅವನು ಬಿದ್ದಿದ್ದರೆ? ಅಧ್ಯಾಪಕರು ಮೆಚ್ಚಿದ ಆ ಕತೆಯೇ ನಲವತ್ತು ಸಲ ವಾಪಸು ಬಂದದ್ದು. ಕೊನೆಗೆ ‘ಎಕ್ಸ್‌ಟೆನ್ಷನ್’ ಎಂಬ ಪತ್ರಿಕೆ ಅದನ್ನು 100 ಡಾಲರಿಗೆ ಕೊಂಡಿತು. ನಡುವೆ ಬಂದ ವಿಷಾದಪತ್ರಗಳಲ್ಲಿ ಕೆಲವು ಒರಟಾಗಿದ್ದವು. ಆಕೆಯ ಕತೆಗಳು ಹಗುರ, ತೆಳು, ಸವಕಲು ಎಂಬ ಅರ್ಥ ಬರುವಂತೆ ಪ್ರಾಸ ಸೇರಿಸಿ ಬರೆದಿದ್ದ ಒಂದು ಟಿಪ್ಪಣಿಯನ್ನು ಆಕೆ ಜೀವಮಾನವಿಡೀ ಮರೆಯಲಿಲ್ಲ.

ಆದರೆ ವಿಷಾದಪತ್ರಗಳಿಗಿಂತ ಆಕೆಯನ್ನು ತಿದ್ದಿದ್ದು ಸಹಪಾಠಿಗಳ ಜತೆ ಸೇರಿ ಕಟ್ಟಿಕೊಂಡ ಒಂದು ಸಣ್ಣ ಬಳಗ ಎಂಬುದು ನನ್ನ ಅಭಿಪ್ರಾಯ. ಅದು ವಾರಕ್ಕೊಮ್ಮೆ ಸೇರುತ್ತಿತ್ತು. ಪ್ರತಿ ಸಲ ಇಬ್ಬರು ತಮ್ಮ ಹೊಸ ಬರಹವನ್ನು ತಲಾ ಇಪ್ಪತ್ತು ನಿಮಿಷ ಮಂಡಿಸಬೇಕು; ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಮೂರು ಮೂರು ನಿಮಿಷ ತಮ್ಮ ಅಭಿಪ್ರಾಯ ಹೇಳಬೇಕು. ಈ ಕ್ರಮ ಹತ್ತಿರ ಹತ್ತಿರ ನಲವತ್ತು ವರ್ಷ ನಡೆಯಿತು. ಇದರ ಬೆಲೆ ಅರ್ಥವಾಗಬೇಕಾದರೆ, ನಮ್ಮ ಕಥಾಕಮ್ಮಟಗಳಲ್ಲಿ ಯಾರಾದರೂ ಕತೆ ಓದುವಾಗ ಕೇಳುವವರ ಮುಖಗಳನ್ನು ನೆನಪು ಮಾಡಿಕೊಳ್ಳಬೇಕು. ಬರಹ ಎಲ್ಲಿ ಸಡಿಲವಾಯಿತೋ ಅಲ್ಲಿ ಒಬ್ಬರು ಗಡಿಯಾರ ನೋಡುತ್ತಾರೆ, ಇನ್ನೊಬ್ಬರು ಕಾಗದದ ಅಂಚನ್ನು ಮಡಿಸುತ್ತಾರೆ. ಸಂಪಾದಕರ ಪತ್ರ ಕತೆ ಬೇಡವೆಂದು ಮಾತ್ರ ಹೇಳುತ್ತದೆ; ಕೂತು ಕೇಳುವವರು ಯಾವ ಸಾಲಿನಲ್ಲಿ ಬೇಡವಾಯಿತೆಂದು ತೋರಿಸುತ್ತಾರೆ. ಸಸ್ಪೆನ್ಸ್ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಅಡ್ಡದಾರಿಯಲ್ಲಿ ಸಿಕ್ಕಿದ್ದು

1959ರಲ್ಲಿ ವಾರೆನ್ ಅವರಿಗೆ ಹೃದಯದ ರಕ್ತನಾಳಗಳ ತೀವ್ರ ಕಾಯಿಲೆ ಇರುವುದು ಗೊತ್ತಾಯಿತು. 1964ರ ಒಂದು ರಾತ್ರಿ ಮೇಲಿಂದ ಮೇಲೆ ಹೃದಯಾಘಾತವಾಗಿ ಅವರು ತೀರಿಕೊಂಡರು. ಮನೆಗೆ ಬಂದಿದ್ದ ಅವರ ತಾಯಿ ಮಗನ ಹಾಸಿಗೆಯ ಪಕ್ಕದಲ್ಲೇ ಕುಸಿದು ಪ್ರಾಣ ಬಿಟ್ಟರು. ಮೂವತ್ತಾರನೆಯ ವಯಸ್ಸಿನಲ್ಲಿ ಕ್ಲಾರ್ಕ್ ಅವರ ಮೇಲೆ ಐದು ಮಕ್ಕಳ ಹೊಣೆ ಬಿದ್ದಿತು. ಇದೇ ಕಾಲದಲ್ಲಿ ಅಮೆರಿಕದ ದೊಡ್ಡ ಪತ್ರಿಕೆಗಳು ಸಣ್ಣಕತೆ ಪ್ರಕಟಿಸುವುದನ್ನು ಕಡಿಮೆ ಮಾಡುತ್ತ ಬಂದಿದ್ದರಿಂದ, ಹದಿನಾಲ್ಕು ವರ್ಷ ಅಭ್ಯಾಸ ಮಾಡಿದ ಪ್ರಕಾರಕ್ಕೆ ಪೇಟೆಯೇ ಇಲ್ಲವಾಗತೊಡಗಿತು.

ಆಕೆ ರೇಡಿಯೋಗೆ ಬರೆಯುವ ಕೆಲಸ ಹಿಡಿದರು. ಕೆಲವೇ ನಿಮಿಷಗಳ ಕಾರ್ಯಕ್ರಮದಲ್ಲಿ ಒಬ್ಬ ವ್ಯಕ್ತಿಯನ್ನು ಕಣ್ಣಿಗೆ ಕಟ್ಟುವಂತೆ ನಿಲ್ಲಿಸಬೇಕು, ನಡುವೆ ಜಾಹೀರಾತು ಬಂದು ಹೋದರೂ ಕೇಳುಗ ಕಾದಿರಬೇಕು. ಇಲ್ಲಿ ಪದಗಳನ್ನು ಕಡಿಯುವುದು ರೂಢಿಯಾಯಿತು. ಸಾಹಿತ್ಯ ಏಜೆಂಟರು ಕಾದಂಬರಿ ಬರೆಯಿರೆಂದು ಒತ್ತಾಯಿಸಿದಾಗ, ದೇಶಭಕ್ತರ ಬಗೆಗಿನ ರೇಡಿಯೋ ಮಾಲಿಕೆಗಾಗಿ ಓದಿಕೊಂಡಿದ್ದ ಜಾರ್ಜ್ ವಾಷಿಂಗ್ಟನ್ ಮತ್ತು ಪತ್ನಿ ಮಾರ್ಥಾ ಅವರ ದಾಂಪತ್ಯವನ್ನೇ ವಸ್ತುವಾಗಿ ಆರಿಸಿಕೊಂಡರು. ಬರೆಯಲು ಸಮಯ ಎಲ್ಲಿಂದ ಬರಬೇಕು? ಬೆಳಗಿನ ಐದು ಗಂಟೆಗೆ ಎದ್ದು, ನ್ಯೂಜೆರ್ಸಿಯ ತಮ್ಮ ಮನೆಯಲ್ಲಿ ಅಡುಗೆಮನೆಯ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಏಳು ಗಂಟೆಯವರೆಗೆ ಬರೆಯುವುದು. ಏಳಕ್ಕೆ ಯಂತ್ರವನ್ನು ಪಕ್ಕಕ್ಕಿಟ್ಟು, ಮಕ್ಕಳನ್ನು ಎಬ್ಬಿಸಿ ಶಾಲೆಗೆ ಸಿದ್ಧ ಮಾಡಿ, ಆಮೇಲೆ ನ್ಯೂಯಾರ್ಕಿನ ಕೆಲಸಕ್ಕೆ ಹೊರಡುವುದು.

ಆ ಎರಡು ಗಂಟೆಗಳಲ್ಲಿ ಸುಮಾರು ಮೂರು ವರ್ಷ ಕೂತು ಬರೆದ ‘ಆಸ್ಪೈರ್ ಟು ದ ಹೆವನ್ಸ್’ ಮಾರುಕಟ್ಟೆಯಲ್ಲಿ ನೆಲಕಚ್ಚಿತು. ಸ್ವರ್ಗದತ್ತ ಕೈಚಾಚುವ ಅರ್ಥದ ಆ ಶೀರ್ಷಿಕೆಯನ್ನು ನೋಡಿ ಅದು ಪ್ರಾರ್ಥನೆಯ ಪುಸ್ತಕವೆಂದೇ ಅಂಗಡಿಯವರು ತಿಳಿದರು. ಆದರೂ ಈ ಪುಸ್ತಕ ಆಕೆಗೆ ಎರಡು ಸಂಗತಿಗಳನ್ನು ಕೊಟ್ಟಿತು. ಉದ್ದನೆಯ ಬರಹವೊಂದನ್ನು ತಾನು ಮುಗಿಸಬಲ್ಲೆ, ಪ್ರಕಾಶಕರು ಅದನ್ನು ಕೊಂಡಾರು ಎಂಬ ಭರವಸೆ ಮೊದಲನೆಯದು. ತನ್ನ ವಸ್ತು ಇದಲ್ಲ ಎಂಬ ಅರಿವು ಎರಡನೆಯದು. ಮುಂದಿನ ಪುಸ್ತಕಕ್ಕೆ ಏನು ಬರೆಯಲಿ ಎಂದು ಯೋಚಿಸುವಾಗ ಆಕೆ ತಮ್ಮದೇ ಪುಸ್ತಕದ ಕಪಾಟನ್ನು ನೋಡಿದರು. ಅಲ್ಲಿ ತುಂಬಿದ್ದದ್ದು ಪತ್ತೇದಾರಿ ಮತ್ತು ಸಸ್ಪೆನ್ಸ್ ಕಾದಂಬರಿಗಳು. ಬರೆಯುವವರು ತಾವು ಏನನ್ನು ಬರೆಯಬೇಕೆಂದು ಎಲ್ಲೆಲ್ಲೋ ಹುಡುಕುತ್ತಾರೆ, ತಾವು ರಾತ್ರಿ ನಿದ್ದೆಗೆಟ್ಟು ಏನನ್ನು ಓದುತ್ತೇವೆಂದು ಮಾತ್ರ ಕೇಳಿಕೊಳ್ಳುವುದಿಲ್ಲ. ಹೊಸಬರು ಯಾರಾದರೂ ನನ್ನನ್ನು ಕೇಳಿದರೆ ಈ ಪ್ರಕರಣದಲ್ಲಿ ನಾನು ಮೊದಲು ತೋರಿಸುವುದು ಆ ಕಪಾಟನ್ನೇ.

ಒಂದು ಕೆಂಪು ಕೈಗವಸು

1965ರಲ್ಲಿ ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ ಇಬ್ಬರು ಪುಟ್ಟ ಮಕ್ಕಳು ಮನೆಯಿಂದ ಕಾಣೆಯಾಗಿ ಕೊಲೆಯಾದ ಸ್ಥಿತಿಯಲ್ಲಿ ಸಿಕ್ಕಿದ್ದರು. ತಾಯಿಯ ಮೇಲೆಯೇ ಆರೋಪ ಬಂದು, ಆ ವಿಚಾರಣೆ ವರ್ಷಗಟ್ಟಲೆ ಪತ್ರಿಕೆಗಳನ್ನು ತುಂಬಿತ್ತು. ಈ ಸುದ್ದಿಯ ಮುಂದೆ ಕ್ಲಾರ್ಕ್ ಅವರು ತಮ್ಮ ಹಳೆಯ ಪ್ರಶ್ನೆಗಳನ್ನಿಟ್ಟರು. ಅಂಥ ತಾಯಿಯೊಬ್ಬಳು ನಿರಪರಾಧಿ ಎಂದುಕೊಳ್ಳೋಣ. ಆಕೆ ಬಿಡುಗಡೆಯಾಗಿ, ಹೆಸರು ಬದಲಿಸಿಕೊಂಡು, ದೂರದ ಊರಿನಲ್ಲಿ ಮತ್ತೆ ಮದುವೆಯಾಗಿ, ಮತ್ತೆ ಇಬ್ಬರು ಮಕ್ಕಳನ್ನು ಹೆತ್ತ ಮೇಲೆ, ಆ ಮಕ್ಕಳೂ ಕಾಣೆಯಾದರೆ?

‘ವೇರ್ ಆರ್ ದ ಚಿಲ್ಡ್ರನ್?’, ಎಂದರೆ ‘ಮಕ್ಕಳೆಲ್ಲಿ?’, ಹುಟ್ಟಿದ್ದು ಹೀಗೆ. ಕತೆ ನಡೆಯುವುದು ಸಮುದ್ರದೊಳಕ್ಕೆ ಚಾಚಿಕೊಂಡ ಕೇಪ್ ಕಾಡ್ ಎಂಬ ನಾಡಿನಲ್ಲಿ, ಚಳಿ ಮತ್ತು ಬಿರುಗಾಳಿಯ ಒಂದೇ ಒಂದು ದಿನದಲ್ಲಿ. ಅಂದು ಆ ತಾಯಿ ನ್ಯಾನ್ಸಿಯ ಹುಟ್ಟುಹಬ್ಬ. ಅಂದೇ ಸ್ಥಳೀಯ ಪತ್ರಿಕೆಯಲ್ಲಿ ಆಕೆಯ ಹಳೆಯ ಪ್ರಕರಣದ ಬಗ್ಗೆ ಫೋಟೋ ಸಮೇತ ಲೇಖನ ಬಂದಿದೆ. ಹಿತ್ತಲಲ್ಲಿ ಆಡುತ್ತಿದ್ದ ಮಕ್ಕಳನ್ನು ಕರೆಯಲು ಹೋದರೆ ಅಲ್ಲಿ ಉಳಿದಿರುವುದು ಮಗಳ ಒಂದು ಕೆಂಪು ಉಣ್ಣೆಯ ಕೈಗವಸು ಮಾತ್ರ. ಚಳಿಗಾಲದಲ್ಲಿ ಮಗುವಿಗೆ ಅದನ್ನು ತೊಡಿಸಿ ಆಟಕ್ಕೆ ಕಳಿಸಿದ ಯಾವ ತಾಯಿಗೂ ಆ ವಸ್ತು ಬೀರುವ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ಲಾರ್ಕ್ ಅವರು ರಕ್ತವನ್ನು ತೋರಿಸುವುದಿಲ್ಲ, ಕೈಗವಸನ್ನು ತೋರಿಸುತ್ತಾರೆ. ಇಂಥದ್ದನ್ನು ಆರಿಸುವ ಕಣ್ಣು, ಪ್ರತಿ ಬೆಳಿಗ್ಗೆ ಏಳಕ್ಕೆ ಐದು ಮಕ್ಕಳನ್ನು ಎಬ್ಬಿಸಿ ಹೊರಡಿಸಿದ ಅನುಭವದಿಂದ ಬಂದದ್ದು.

ಕಾದಂಬರಿಯ ನಿಜವಾದ ಜಾಣ್ಮೆ ಶೀರ್ಷಿಕೆಯಲ್ಲೇ ಇದೆ. ‘ಮಕ್ಕಳೆಲ್ಲಿ?’ ಎಂದು ಕೇಳುವವರು ತಾಯಿ, ತಂದೆ, ಪೊಲೀಸರು, ಊರಿನವರು. ಓದುಗನಿಗೆ ಉತ್ತರ ಮೊದಲೇ ಗೊತ್ತು. ಎತ್ತರದ ಒಂದು ಹಳೆಯ ಮನೆಯಲ್ಲಿ ಬಾಡಿಗೆಗಿದ್ದು, ದೂರದರ್ಶಕದಿಂದ ಆ ಸಂಸಾರವನ್ನು ನೋಡುತ್ತಿರುವ ಒಬ್ಬನನ್ನು ಕ್ಲಾರ್ಕ್ ಅವರು ಆರಂಭದಲ್ಲೇ ತೋರಿಸಿಬಿಡುತ್ತಾರೆ. ಅವನು ಯಾರು, ಏಕೆ ಹೀಗೆ ಮಾಡುತ್ತಾನೆ ಎಂಬುದಷ್ಟೇ ಮುಚ್ಚಿಟ್ಟ ಗುಟ್ಟು. ಪತ್ತೇದಾರಿ ಕತೆಯಲ್ಲಿ ಓದುಗನಿಗೆ ಪತ್ತೇದಾರನಿಗಿಂತ ಕಡಿಮೆ ಗೊತ್ತಿರುತ್ತದೆ, ಆದ್ದರಿಂದ ಅವನಿಗೆ ಕುತೂಹಲ. ಇಲ್ಲಿ ಓದುಗನಿಗೆ ಪಾತ್ರಗಳಿಗಿಂತ ಹೆಚ್ಚು ಗೊತ್ತು, ಆದ್ದರಿಂದ ಅವನಿಗೆ ತಳಮಳ. ಇಡೀ ಊರು ತಾಯಿಯನ್ನು ಅನುಮಾನದಿಂದ ನೋಡುತ್ತಿರುವಾಗ, ಆಕೆ ನಿರಪರಾಧಿ ಎಂದು ತಿಳಿದಿರುವವರು ಅಪರಾಧಿ ಮತ್ತು ಓದುಗ, ಇಬ್ಬರೇ. ಆ ಅಸಹಾಯಕ ತಿಳಿವಳಿಕೆಯೇ ಪುಟ ತಿರುವಿಸುತ್ತದೆ. ‘ಮುಂದುವರಿಯುವುದು’ ಎಂಬ ಸಾಲಿನ ಮೇಲೆ ವಾರವಿಡೀ ಕಾದು ಧಾರಾವಾಹಿ ಓದಿದ ಕನ್ನಡ ಓದುಗರಿಗೆ ಈ ಅನುಭವ ಹೊಸದಲ್ಲ. ಕ್ಲಾರ್ಕ್ ಅವರ ಪುಟ್ಟ ಅಧ್ಯಾಯಗಳು ಆ ವಾರವನ್ನು ಒಂದು ಪುಟ ತಿರುವುವಷ್ಟು ಹೊತ್ತಿಗೆ ಇಳಿಸಿದವು.

ಹಸ್ತಪ್ರತಿಗೆ ಆಕೆ ಇಟ್ಟಿದ್ದ ಹೆಸರು ಬೇರೆಯದಾಗಿತ್ತು; ಪ್ರಕಟಣೆಯ ವೇಳೆಗೆ ಬದಲಾಯಿತು. ಅಪಾಯದಲ್ಲಿರುವ ಮಕ್ಕಳ ಕತೆ ಓದುಗ ಹೆಂಗಸರಿಗೆ ಸಹಿಸಲಾಗದೆಂದು ಮೊದಲು ನೋಡಿದ ಪ್ರಕಾಶಕರು ಬೇಡವೆಂದಿದ್ದರು. ಕೊನೆಗೆ ಸೈಮನ್ ಅಂಡ್ ಶುಸ್ಟರ್ ಸಂಸ್ಥೆ 3,000 ಡಾಲರ್ ಕೊಟ್ಟು ಕೊಂಡಿತು. ಕೆಲವೇ ತಿಂಗಳಲ್ಲಿ ಪೇಪರ್‌ಬ್ಯಾಕ್ ಹಕ್ಕುಗಳು 1 ಲಕ್ಷ ಡಾಲರಿಗೆ ಹೋದವು. ಪ್ರಕಾಶಕರು ಹೆದರಿದ ಅಂಶವೇ, ಎಂದರೆ ಮಕ್ಕಳಿಗೆ ಏನಾದರೂ ಆದೀತೆಂಬ ಭಯವೇ, ಓದುಗರನ್ನು ಹಿಡಿದಿಟ್ಟಿತು.

ಹದಿನೈದು ಲಕ್ಷದ ಸಂಜೆ

ಇದೇ ವರ್ಷಗಳಲ್ಲಿ ಕ್ಲಾರ್ಕ್ ಅವರು ಫೋರ್ಡಂ ವಿಶ್ವವಿದ್ಯಾಲಯದಲ್ಲಿ ಬಿ.ಎ. ತರಗತಿಗೆ ಸೇರಿ ತತ್ವಶಾಸ್ತ್ರ ಓದುತ್ತಿದ್ದರು. ಹದಿಹರೆಯದಲ್ಲಿ ಹಣವಿಲ್ಲದೆ ಕೈಬಿಟ್ಟ ಕಾಲೇಜು ಅದು. 1979ರಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ಪದವಿ ಪಡೆದರು. ಎರಡನೆಯ ಸಸ್ಪೆನ್ಸ್ ಕಾದಂಬರಿ ‘ಎ ಸ್ಟ್ರೇಂಜರ್ ಈಸ್ ವಾಚಿಂಗ್’ನ ಗಟ್ಟಿ ರಟ್ಟಿನ ಆವೃತ್ತಿಗೆ 5 ಲಕ್ಷ, ಪೇಪರ್‌ಬ್ಯಾಕಿಗೆ 10 ಲಕ್ಷ ಡಾಲರ್ ಬಂದಿದೆ ಎಂಬ ಸುದ್ದಿಯನ್ನು ಏಜೆಂಟರು ತಿಳಿಸಿದ ದಿನ ಆಕೆ ತರಗತಿ ಮುಗಿಸಿ ತಮ್ಮ ಹಳೆಯ ಕಾರಿನಲ್ಲಿ ಮನೆಗೆ ಹೊರಟರು. ದಾರಿಯಲ್ಲಿ ಹೊಗೆಕೊಳವೆ ಕಳಚಿಕೊಂಡು ರಸ್ತೆಗೆ ತಗುಲತೊಡಗಿತು. ಇಪ್ಪತ್ತೊಂದು ಮೈಲಿ ದೂರ ಅದು ದಡಬಡ ಸದ್ದು ಮಾಡುತ್ತ ಹಿಂದೆ ಎಳೆದುಕೊಂಡು ಬಂತು, ಅಕ್ಕಪಕ್ಕದ ಕಾರಿನವರೆಲ್ಲ ಹಾರ್ನ್ ಬಾರಿಸಿ ಎಚ್ಚರಿಸುತ್ತಿದ್ದರು. ಮರುದಿನವೇ ಆಕೆ ಕ್ಯಾಡಿಲ್ಯಾಕ್ ಕೊಂಡರು.

ಕಸುಬಿನ ದೃಷ್ಟಿಯಿಂದ ಈ ಎರಡನೆಯ ಕಾದಂಬರಿ ಮೊದಲನೆಯದಕ್ಕಿಂತ ಮುಂದೆ ಹೋದದ್ದು ಒಂದು ಮುಖ್ಯ ವಿಷಯದಲ್ಲಿ. ತಾಯಿಯ ಕೊಲೆಯನ್ನು ಕಂಡ ಹುಡುಗ, ಅವನ ತಂದೆಗೆ ಹತ್ತಿರವಾಗುತ್ತಿರುವ ಪತ್ರಕರ್ತೆ, ಅವರಿಬ್ಬರನ್ನೂ ಅಪಹರಿಸಿ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ನೆಲದಡಿಯ ಪಾಳು ಕೋಣೆಯೊಂದರಲ್ಲಿ ಕೂಡಿಹಾಕುವ ಅಪರಿಚಿತ, ಮತ್ತು ಆ ಕೊಲೆಗಾಗಿ ಮರಣದಂಡನೆಗೆ ಕಾಯುತ್ತಿರುವ ಒಬ್ಬ ತರುಣ. ಗಡಿಯಾರಗಳು ಈಗ ಎರಡು: ಒಂದು ಅಪಹರಣಕಾರನದು, ಇನ್ನೊಂದು ಸರ್ಕಾರದ್ದು. ಮರಣದಂಡನೆ ಸರಿಯೇ ಎಂಬ ವಾದ ಇಲ್ಲಿ ಕತೆಯ ಮೇಲೆ ಹೊರಿಸಿದ ಭಾರವಾಗದೆ ಕತೆಯ ಯಂತ್ರದ ಭಾಗವೇ ಆಗುತ್ತದೆ. ಒಂದು ಮನೆಯ ಭಯದಿಂದ ಒಂದು ಸಮಾಜದ ಪ್ರಶ್ನೆಗೆ ಹೋಗಲು ಆಕೆಗೆ ಹಿಡಿದದ್ದು ಒಂದೇ ಪುಸ್ತಕ. 1980ರಲ್ಲಿ ಫ್ರಾನ್ಸಿನ ಪ್ರತಿಷ್ಠಿತ ಪತ್ತೇದಾರಿ ಸಾಹಿತ್ಯ ಪ್ರಶಸ್ತಿ ಇದಕ್ಕೆ ಬಂದಿತು.

ಬೆಳೆದದ್ದು ಮತ್ತು ನಿಂತದ್ದು

ಆ ನಂತರದ ಯಶಸ್ಸಿನ ವಿವರಗಳು ದೊಡ್ಡವು, ಆದರೆ ಕಲಿಯಲು ಅವುಗಳಲ್ಲಿ ಸಿಗುವುದು ಕಡಿಮೆ. 1987ರಲ್ಲಿ ಅಮೆರಿಕದ ಪತ್ತೇದಾರಿ ಲೇಖಕರ ಸಂಘದ ಅಧ್ಯಕ್ಷರಾದರು. 1988ರಲ್ಲಿ ನಾಲ್ಕು ಕಾದಂಬರಿ ಮತ್ತು ಒಂದು ಕಥಾಸಂಕಲನಕ್ಕೆ ಒಂದು ಕೋಟಿ ಡಾಲರಿಗೂ ಮೀರಿದ ಒಪ್ಪಂದ ಮಾಡಿಕೊಂಡರು. 2000ದಲ್ಲಿ ಅದೇ ಸಂಘದ ಗ್ರ್ಯಾಂಡ್ ಮಾಸ್ಟರ್ ಗೌರವ ಬಂತು. ಮಗಳು ಕ್ಯಾರೊಲ್ ಜತೆಗೂ, ಕೊನೆಯ ವರ್ಷಗಳಲ್ಲಿ ಕಾದಂಬರಿಕಾರ್ತಿ ಅಲಫೇರ್ ಬರ್ಕ್ ಜತೆಗೂ ಸೇರಿ ಬರೆದರು.

ಆಕೆಯ ಹೆಸರಿನಲ್ಲಿ ಸ್ಥಾಪನೆಯಾದ ಪ್ರಶಸ್ತಿಯ ನಿಯಮಗಳು ಆಕೆಯ ಸೂತ್ರವನ್ನು ಬಹುಮಟ್ಟಿಗೆ ಹೇಳಿಬಿಡುತ್ತವೆ: ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರುವ ತರುಣಿಯ ಬದುಕಿಗೆ ಆಪತ್ತು ತಾನಾಗಿ ನುಗ್ಗಬೇಕು, ಆಕೆ ತನ್ನ ಧೈರ್ಯ ಮತ್ತು ಬುದ್ಧಿಯಿಂದಲೇ ಅದರಿಂದ ಪಾರಾಗಬೇಕು, ಕಣ್ಣೆದುರಿನ ಹಿಂಸೆ, ಅಶ್ಲೀಲ ಬೈಗುಳ, ಲೈಂಗಿಕ ವಿವರ ಇರಕೂಡದು. ಹಿಂಸೆಯನ್ನು ತೋರಿಸದೆ ಭಯ ಹುಟ್ಟಿಸುವುದು ಸುಲಭವಲ್ಲ, ಆ ಸಂಯಮವನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಇದೇ ಸೂತ್ರ ನಂತರದ ಪುಸ್ತಕಗಳಲ್ಲಿ ಆಕೆಯನ್ನು ಕಟ್ಟಿಹಾಕಿತು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನಾಯಕಿಯ ಉದ್ಯೋಗ ಬದಲಾಗುತ್ತದೆ, ಅಪಾಯದ ಸ್ವರೂಪ ಬದಲಾಗುತ್ತದೆ, ಆಕೆಯ ಮನಸ್ಸು ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ಹೆಚ್ಚು ಬದಲಾಗುವುದಿಲ್ಲ. ಅನುಮಾನಿಸಬೇಕಾದ ಗಂಡಸರ ಸಂಖ್ಯೆ ಹೆಚ್ಚುತ್ತದೆ, ಆದರೆ ಅವರಲ್ಲಿ ಯಾರೂ ಕೇಪ್ ಕಾಡಿನ ಆ ಎತ್ತರದ ಮನೆಯವನಂತೆ ನೆನಪಿನಲ್ಲಿ ಉಳಿಯುವುದಿಲ್ಲ. ‘ಹಾಗೇನಾದರೂ ಆದರೆ?’ ಎಂಬ ಪ್ರಶ್ನೆ ಕೊನೆಯವರೆಗೆ ಚುರುಕಾಗಿತ್ತು. ‘ಏಕೆ?’ ಎಂಬುದಕ್ಕೆ ಬರುವ ಉತ್ತರಗಳು ತೆಳುವಾಗುತ್ತ ಹೋದವು.

ಇಷ್ಟಾಗಿಯೂ ಮೊದಲ ಎರಡು ಸಸ್ಪೆನ್ಸ್ ಕಾದಂಬರಿಗಳನ್ನು ಇಂದು ಕೈಗೆತ್ತಿಕೊಂಡರೆ ಕೆಳಗಿಡಲು ಆಗುವುದಿಲ್ಲ. ಅವುಗಳ ಹಿಂದಿರುವ, ಯಾರೂ ಕೊಳ್ಳದ ಆ ಮೊದಲ ಪುಸ್ತಕವೂ ಕೊನೆಗೆ ಕತ್ತಲಲ್ಲಿ ಉಳಿಯಲಿಲ್ಲ. ವಾಷಿಂಗ್ಟನ್ ಮನೆತನದವರೊಬ್ಬರ ಕಣ್ಣಿಗೆ ಬಿದ್ದು, 2002ರಲ್ಲಿ ಅದು ಮತ್ತೆ ಅಚ್ಚಾಯಿತು. ಬೆಳಗಿನ ಐದರಿಂದ ಏಳರವರೆಗೆ ಅಡುಗೆಮನೆಯಲ್ಲಿ ಬರೆದ ಅದೇ ಕಾದಂಬರಿ ಅದು. ಶೀರ್ಷಿಕೆ ಮಾತ್ರ ಈ ಸಲ, ಯಾವ ಅಂಗಡಿಯವರೂ ಪ್ರಾರ್ಥನೆಯ ಪುಸ್ತಕವೆಂದು ತಿಳಿಯಲಾಗದಂತೆ, ವಾಷಿಂಗ್ಟನ್ ದಂಪತಿಯ ಮನೆಯ ಹೆಸರಿನೊಡನೆ, ‘ಮೌಂಟ್ ವರ್ನನ್ ಲವ್ ಸ್ಟೋರಿ’ ಎಂದಿತ್ತು.